ವಾರಸುದಾರರಿಲ್ಲದ ಯಂತ್ರ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಕಂಪನಿಗಳು ಬಳಸಿ ಹೊರಹಾಕಿದ ಲ್ಯಾಪ್‌ಟಾಪ್‌ಗಳನ್ನು ಒರೆಸಿ, ಸರಿಮಾಡಿ ಮಾರುವ ಅಂಗಡಿಗಳಿವೆ. ಅಂಥ ಕಡೆ ಲೆನೊವೊ ಥಿಂಕ್‌ಪ್ಯಾಡ್ ಟಿ470 ಹಾಗೂ ಟಿ480 ಎಂಬ ಎರಡು ಕರಿಯ ಯಂತ್ರಗಳನ್ನು ಅಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳಲು ಪಳಗಿದ ಕಣ್ಣೇ ಬೇಕು. ಎರಡಕ್ಕೂ 14 ಅಂಗುಲದ ಪರದೆ, ಕೀಲಿಮಣೆಯ ನಡುವೆ ಅದೇ ಕೆಂಪು ಗುಂಡಿ, ಹಿಂಬದಿಯಿಂದ ಕಳಚಿ ತೆಗೆಯಬಹುದಾದ ಬ್ಯಾಟರಿ, ಒಳಗೆ ರ‍್ಯಾಮ್ ಸಿಕ್ಕಿಸಲು ಎರಡು ಖಾನೆ. ಅಂಚುಗಳನ್ನು ತಡವಿ ನೋಡಿದವರಿಗೆ ಒಂದು ಸುಳಿವು ಸಿಗುತ್ತದೆ. ಟಿ470ರಲ್ಲಿ ಚಾರ್ಜರ್‌ಗೆಂದೇ ಒಂದು ಚೌಕನೆಯ ಕಿಂಡಿ ಇದೆ, ಟಿ480ರಲ್ಲಿ ಅದು ಹೋಗಿ ಟೈಪ್-ಸಿ ಬಂದಿದೆ. ಮೊದಲನೆಯದು 2017ರ ಮಾದರಿ, ಎರಡನೆಯದು 2018ರದ್ದು. ಮೊದಲನೆಯದರಲ್ಲಿ ಇಂಟೆಲ್‌ನ ಐ5-7200ಯು ಅಥವಾ ಅದರ ದಾಯಾದಿ, ಎರಡನೆಯದರಲ್ಲಿ ಐ5-8250ಯು ಅಥವಾ ಅದರ ದಾಯಾದಿ. ತಲೆಮಾರನ್ನು ಹೇಳುವ ಈ 7 ಮತ್ತು 8ರ ನಡುವೆ ಒಂದು ಗೋಡೆ ಇದೆ. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11, ಟಿ480ಯನ್ನು ಒಳಗೆ ಬಿಟ್ಟುಕೊಂಡು ಟಿ470ಯನ್ನು ಬಾಗಿಲಲ್ಲೇ ನಿಲ್ಲಿಸಿತು. ಹೊರಗೆ ನಿಂತದ್ದಕ್ಕೆ ಆಸರೆಯಾಗಿದ್ದ ವಿಂಡೋಸ್ 10ರ ನಿಯಮಿತ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಏಳನೇ ತಲೆಮಾರಿನ ಚಿಪ್ಪಿನ ಲ್ಯಾಪ್‌ಟಾಪ್‌ಗಳು 2018ರಲ್ಲೂ ಹೊಸದಾಗಿ ಮಾರಾಟವಾಗುತ್ತಿದ್ದವು. ಆಗ ಕೊಂಡವರ ಪಾಲಿಗೆ ಯಂತ್ರ ಮೂರೇ ವರ್ಷಕ್ಕೆ ಹಳತಾಯಿತು.

ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಒಂದೇ: ಹೊಸ ಆಪರೇಟಿಂಗ್ ಸಿಸ್ಟಂ ಭಾರ, ಹಳೆಯ ಯಂತ್ರಕ್ಕೆ ಅದನ್ನು ಹೊರುವ ಕಸುವಿಲ್ಲ. ಈ ನಂಬಿಕೆಯಿಂದಲೇ ‘ಇನ್ನೊಂದಿಷ್ಟು ದುಡ್ಡು ಹಾಕಿ ಐ7 ತಗೊಳ್ಳಿ, ಹತ್ತು ವರ್ಷ ಚಿಂತೆಯಿಲ್ಲ’ ಎಂಬ ಸಲಹೆ ಹುಟ್ಟುತ್ತದೆ. ವಿಂಡೋಸ್ 11ರ ಅರ್ಹತಾಪಟ್ಟಿಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ವಿವರಣೆ ನಿಲ್ಲುವುದಿಲ್ಲ. 2017ರಲ್ಲಿ ದುಬಾರಿ ಗೇಮಿಂಗ್ ಲ್ಯಾಪ್‌ಟಾಪ್‌ಗಳಿಗೆ ಹಾಕುತ್ತಿದ್ದ ಐ7-7700ಎಚ್‌ಕ್ಯೂ ಪಟ್ಟಿಯಲ್ಲಿಲ್ಲ, ಅದರ ಜೊತೆಗೆ 32 ಜಿಬಿ ರ‍್ಯಾಮ್ ಇದ್ದರೂ ಇಲ್ಲ. ಅದೇ ವರ್ಷದ ಕೊನೆಗೆ ಬಂದ, ಅಗ್ಗದ ಯಂತ್ರಗಳಲ್ಲಿ ಕೂರುವ ಸೆಲೆರಾನ್ ಎನ್4000 ಪಟ್ಟಿಯಲ್ಲಿದೆ, 4 ಜಿಬಿ ರ‍್ಯಾಮ್ ಸಾಕು. ನಾಲ್ಕು ಕೋರ್‌ಗಳ ಪೈಲ್ವಾನ ಹೊರಗೆ, ಎರಡು ಕೋರ್‌ಗಳ ಪೀಚಲು ಹುಡುಗ ಒಳಗೆ. ಮತ್ತೂ ಸೋಜಿಗವೆಂದರೆ, ಟಿ480ರ ಐ5-8250ಯು ಹೆಸರಿಗೆ ಎಂಟನೇ ತಲೆಮಾರಾದರೂ ಅದರ ಕೋರ್‌ನ ವಿನ್ಯಾಸ ಏಳನೆಯದರದ್ದೇ. ಎರಡು ಕೋರ್ ಇದ್ದ ಕಡೆ ನಾಲ್ಕನ್ನು ಕೂರಿಸಿ ಇಂಟೆಲ್ ಹೊಸ ಸಂಖ್ಯೆ ಕೊಟ್ಟಿತು, ಅಷ್ಟೆ. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಎರಡರಲ್ಲಿ ಒಂದಕ್ಕೆ ಪ್ರವೇಶ, ಇನ್ನೊಂದಕ್ಕೆ ಇಲ್ಲ ಎಂದಮೇಲೆ ಕಾರಣವನ್ನು ಚಿಪ್ಪಿನ ಕಸುವಿನಲ್ಲಿ ಹುಡುಕಿ ಫಲವಿಲ್ಲ.

ಕಾರಣ ಭದ್ರತೆ ಎಂದು ಮೈಕ್ರೋಸಾಫ್ಟ್ ಹೇಳಿತು. ಅದರಲ್ಲಿ ನಿಜವಿದೆ, ಆದರೆ ಪೂರ್ತಿ ನಿಜವಲ್ಲ. ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬುದು ಗುಪ್ತಕೀಲಿಗಳನ್ನು ಜೋಪಾನ ಮಾಡುವ ಪುಟ್ಟ ತಿಜೋರಿ. 2016ರ ಜುಲೈ ಕೊನೆಯಿಂದ ಹೊಸ ವಿಂಡೋಸ್ ಮಾದರಿಗಳಲ್ಲಿ ಇದು ಇರಲೇಬೇಕೆಂದು ಮೈಕ್ರೋಸಾಫ್ಟೇ ಕಡ್ಡಾಯ ಮಾಡಿತ್ತು, ಹಾಗಾಗಿ ಟಿ470ರಲ್ಲೂ ಇದೆ. ಇನ್ನೊಂದು ಬೇಡಿಕೆ, ಆಪರೇಟಿಂಗ್ ಸಿಸ್ಟಂನ ಗರ್ಭಗುಡಿಯೊಳಗೆ ಪರೀಕ್ಷೆಯಾಗದ ಸಂಕೇತ ಓಡದಂತೆ ತಡೆಯುವ ಕಾವಲು. ಈ ಕಾವಲಿಗೆ ಪ್ರೊಸೆಸರ್‌ನೊಳಗೇ ಒಂದು ನೆರವು ಇದ್ದರೆ ಕೆಲಸ ಹಗುರ, ಇಲ್ಲದಿದ್ದರೆ ತಂತ್ರಾಂಶವೇ ಆ ಹೊರೆ ಹೊತ್ತು ಯಂತ್ರ ನಿಧಾನವಾಗುತ್ತದೆ. ಇಂಟೆಲ್ ಚಿಪ್ಪುಗಳಲ್ಲಿ ಆ ನೆರವು ಬಂದದ್ದು ಏಳನೇ ತಲೆಮಾರಿನಿಂದ. ಭದ್ರತೆಯೊಂದೇ ಅಳತೆಗೋಲಾಗಿದ್ದರೆ ಗೆರೆ ಬೀಳಬೇಕಿದ್ದದ್ದು 6 ಮತ್ತು 7ರ ನಡುವೆ. ಬಿದ್ದದ್ದು 7 ಮತ್ತು 8ರ ನಡುವೆ. ಅದಾದ ಮೇಲೂ 2021ರ ಆಗಸ್ಟ್‌ನಲ್ಲಿ ಏಳನೇ ತಲೆಮಾರಿನ ಐ7-7820ಎಚ್‌ಕ್ಯೂ ಎಂಬ ಒಂದು ಚಿಪ್ಪಿಗೆ ವಿನಾಯಿತಿ ಸಿಕ್ಕಿತು. ಮೈಕ್ರೋಸಾಫ್ಟ್ ತಾನೇ ತಯಾರಿಸಿದ ಸರ್ಫೇಸ್ ಸ್ಟುಡಿಯೋ 2ರ ಹೊಟ್ಟೆಯಲ್ಲಿದ್ದದ್ದು ಇದೇ ಚಿಪ್ಪು. ಹೊಸ ಮಾದರಿಯ ಡ್ರೈವರ್‌ಗಳೊಂದಿಗೆ ಬಂದ ಆಯ್ದ ಯಂತ್ರಗಳಿಗೆ ಮಾತ್ರ ಈ ವಿನಾಯಿತಿ ಎಂಬುದು ಕಂಪನಿಯ ಸಮಜಾಯಿಷಿ. ನಗು ಬರುವ ವಿನಾಯಿತಿಯೇ ಸರಿ, ಆದರೆ ಆ ಸಮಜಾಯಿಷಿಯಲ್ಲೇ ಗುಟ್ಟು ಅಡಗಿದೆ. ಯಂತ್ರ ಒಳಗೋ ಹೊರಗೋ ಎಂಬುದನ್ನು ತೀರ್ಮಾನಿಸುವುದು ಅದರ ಡ್ರೈವರ್‌ಗಳನ್ನು ಬರೆಯುವ, ಪರೀಕ್ಷಿಸುವ, ನಾಳೆ ಕೆಟ್ಟರೆ ತಿದ್ದುವ ಹೊಣೆಯನ್ನು ಯಾರಾದರೂ ಹೊತ್ತಿದ್ದಾರೆಯೇ ಎಂಬುದು. ಲ್ಯಾಪ್‌ಟಾಪ್ ಮೂಲೆಗೆ ಬೀಳುವುದು ಶಕ್ತಿಗುಂದಿ ಅಲ್ಲ, ವಾರಸುದಾರರಿಲ್ಲದೆ.

ಡ್ರೈವರ್ ಎಂದರೆ ಆಪರೇಟಿಂಗ್ ಸಿಸ್ಟಂಗೂ ಒಂದೊಂದು ಬಿಡಿಭಾಗಕ್ಕೂ ನಡುವಿನ ದುಭಾಷಿ. ವೈ-ಫೈ ಚಿಪ್ಪಿಗೆ ಒಬ್ಬ, ಗ್ರಾಫಿಕ್ಸ್‌ಗೆ ಒಬ್ಬ, ಬೆರಳಚ್ಚು ಓದುವ ಗುಂಡಿಗೆ ಇನ್ನೊಬ್ಬ. ಆಪರೇಟಿಂಗ್ ಸಿಸ್ಟಂ ತನ್ನ ಭಾಷೆಯನ್ನು ಅಷ್ಟಿಷ್ಟು ಬದಲಿಸಿದಾಗಲೆಲ್ಲ ದುಭಾಷಿಯೂ ಹೊಸ ಪಾಠ ಕಲಿಯಬೇಕು. ಕಲಿಸುವವರು ಬಿಟ್ಟುಹೋದರೆ ಏನಾಗುತ್ತದೆ ಎಂಬುದಕ್ಕೆ ಕ್ಲೋವರ್ ಟ್ರೇಲ್ ಎಂಬ ಸಂಕೇತನಾಮದ ಇಂಟೆಲ್ ಆಟಂ ಚಿಪ್ಪುಗಳ ಕತೆಯನ್ನು ಮೀರಿದ ಉದಾಹರಣೆ ಇಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗ, ಪರದೆ ಕಳಚಿದರೆ ಟ್ಯಾಬ್ಲೆಟ್ ಆಗುವ ಪುಟ್ಟ ಲ್ಯಾಪ್‌ಟಾಪ್‌ಗಳಿಗೆಂದು ಇವನ್ನು ತಂದರು. ಆಟಂ ಜ಼ೆಡ್2760 ಎಂಬುದು ಅವುಗಳಲ್ಲಿ ಹೆಚ್ಚು ಕಾಣಸಿಗುತ್ತಿದ್ದದ್ದು. ಇದರೊಳಗಿನ ಗ್ರಾಫಿಕ್ಸ್ ಭಾಗ ಇಂಟೆಲ್‌ನ ಸ್ವಂತದ್ದಲ್ಲ. ಬ್ರಿಟನ್ನಿನ ಇಮ್ಯಾಜಿನೇಷನ್ ಟೆಕ್ನಾಲಜೀಸ್ ವಿನ್ಯಾಸ ಮಾಡಿದ ಪವರ್‌ವಿಆರ್ ಅನ್ನು ಪರವಾನಗಿ ಪಡೆದು ಒಳಗಿಟ್ಟಿತ್ತು. ಈ ಯಂತ್ರಗಳು ವಿಂಡೋಸ್ 8ರಿಂದ 8.1ಕ್ಕೆ, ಅಲ್ಲಿಂದ ಉಚಿತವಾಗಿ ವಿಂಡೋಸ್ 10ಕ್ಕೆ ಏರಿದವು. 2017ರಲ್ಲಿ ಕ್ರಿಯೇಟರ್ಸ್ ಅಪ್‌ಡೇಟ್ ಎಂಬ ಪರಿಷ್ಕರಣೆ ಬಂದಾಗ, ಈ ಕಂಪ್ಯೂಟರ್‌ಗೆ ಇನ್ನು ವಿಂಡೋಸ್ 10ರ ಬೆಂಬಲವಿಲ್ಲ ಎಂಬ ಸಂದೇಶ ಪರದೆಯ ಮೇಲೆ ಮೂಡಿತು. ವಿಂಡೋಸ್ 10 ಓಡುತ್ತಿದ್ದ ಕಂಪ್ಯೂಟರ್‌ಗೇ ಆ ಮಾತು! ಇಂಟೆಲ್ ಆ ಚಿಪ್ಪಿನ ಬೆಂಬಲ ನಿಲ್ಲಿಸಿತ್ತು, ಗ್ರಾಫಿಕ್ಸ್‌ನ ದುಭಾಷಿಗೆ ಹೊಸ ಪಾಠ ಹೇಳುವವರು ಯಾರೂ ಉಳಿದಿರಲಿಲ್ಲ. ಗದ್ದಲವಾದ ಮೇಲೆ ಮೈಕ್ರೋಸಾಫ್ಟ್ ಈ ಯಂತ್ರಗಳನ್ನು ಹಳೆಯ ಆವೃತ್ತಿಯಲ್ಲೇ ನಿಲ್ಲಿಸಿ, 2023ರ ಜನವರಿಯವರೆಗೆ ಭದ್ರತಾ ತೇಪೆಗಳನ್ನಷ್ಟೇ ಕೊಡುವುದಾಗಿ ಒಪ್ಪಿತು. ಯಂತ್ರ ಬದಲಾಗಿರಲಿಲ್ಲ, ಆಪರೇಟಿಂಗ್ ಸಿಸ್ಟಂನ ಸಂಖ್ಯೆ ಕೂಡ ಬದಲಾಗಿರಲಿಲ್ಲ. ಸರಪಳಿಯ ಒಂದು ಕೊಂಡಿ ಕಳಚಿತ್ತು.

ಹೀಗಿರುವಾಗ ಪೆಟ್ಟಿಗೆಯ ಮೇಲಿನ ಸ್ಟಿಕ್ಕರ್‌ನ ಭರವಸೆಗೆ ಎಷ್ಟು ಬೆಲೆ? 2006ರಲ್ಲಿ, ವಿಂಡೋಸ್ ವಿಸ್ತಾ ಬರುವ ಮುನ್ನ, ಆಗಿನ ವಿಂಡೋಸ್ ಎಕ್ಸ್‌ಪಿ ಯಂತ್ರಗಳ ಮಾರಾಟ ಬೀಳದಿರಲೆಂದು ‘ವಿಸ್ತಾ ಕೇಪಬಲ್’ ಎಂಬ ಚೀಟಿ ಅಂಟಿಸಿ ಮಾರಿದರು. ವಿಸ್ತಾದ ಮುಖ್ಯ ಆಕರ್ಷಣೆಯೇ ಗಾಜಿನಂತೆ ಹೊಳೆಯುವ ಏರೋ ನೋಟ. ಅದಕ್ಕೆ ಹೊಸ ಬಗೆಯ ಗ್ರಾಫಿಕ್ಸ್ ಡ್ರೈವರ್ ಬೇಕಿತ್ತು, ಇಂಟೆಲ್‌ನ 915 ಚಿಪ್‌ಸೆಟ್‌ಗೆ ಅದನ್ನು ಒದಗಿಸಲಾಗುತ್ತಿರಲಿಲ್ಲ. ಆದರೂ ಆ ಚಿಪ್‌ಸೆಟ್ ಇದ್ದ ಲ್ಯಾಪ್‌ಟಾಪ್‌ಗಳಿಗೆ ಚೀಟಿ ಸಿಕ್ಕಿತು. ಕೊಂಡವರು 2007ರಲ್ಲಿ ಅಮೆರಿಕದಲ್ಲಿ ಮೈಕ್ರೋಸಾಫ್ಟ್ ಮೇಲೆ ಮೊಕದ್ದಮೆ ಹೂಡಿದರು. ವಿಚಾರಣೆಯಲ್ಲಿ ಹೊರಬಿದ್ದ ಕಂಪನಿಯ ಒಳ ಇಮೇಲ್‌ಗಳಲ್ಲಿ ಅದರ ಹಿರಿಯ ಅಧಿಕಾರಿಗಳೇ ಈ ಸಡಿಲಿಕೆಗೆ ಅಸಮಾಧಾನ ತೋಡಿಕೊಂಡಿದ್ದು ಕಂಡುಬಂತು. ಮೊಕದ್ದಮೆ ಗ್ರಾಹಕರ ಸಮೂಹದ ಹೆಸರಿನಲ್ಲಿ ಮುಂದುವರಿಯಲು 2009ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ, ಅದು ಬೇರೆ ಮಾತು. 2024ರ ಜೂನ್‌ನಿಂದ ಅಂಗಡಿಗಳಲ್ಲಿರುವ ‘ಕೋಪೈಲಟ್ ಪ್ಲಸ್’ ಬಿರುದನ್ನು ಇದಕ್ಕೆ ಸಮ ಮಾಡುವುದು ಅನ್ಯಾಯ. ಅದರ ಷರತ್ತುಗಳು ಸ್ಪಷ್ಟವಾಗಿವೆ: ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೆಂದೇ ಇರುವ ಎನ್‌ಪಿಯು ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ ಮಾಡಬೇಕು, ರ‍್ಯಾಮ್ 16 ಜಿಬಿ, ಸಂಗ್ರಹ 256 ಜಿಬಿ ಇರಬೇಕು. ಆದರೆ ಆ ಬಿರುದು ಹೇಳುವುದು ಇಂದಿನ ಸವಲತ್ತುಗಳ ಬಗ್ಗೆ. ಮುಂದಿನ ವಿಂಡೋಸ್ ಏನು ಕೇಳುತ್ತದೆಂದು ಅದು ಹೇಳುತ್ತಿಲ್ಲ, ಹೇಳಲು ಬರುವುದೂ ಇಲ್ಲ. ವಿಂಡೋಸ್ 10 ಬಿಡುಗಡೆಯಾಗುವ ಹೊತ್ತಿಗೆ, 2015ರಲ್ಲಿ, ಇದೇ ಕೊನೆಯ ವಿಂಡೋಸ್ ಎಂದು ಮೈಕ್ರೋಸಾಫ್ಟ್‌ನ ಉದ್ಯೋಗಿಯೊಬ್ಬರು ವೇದಿಕೆಯಲ್ಲೇ ಹೇಳಿದ್ದರು. ಆರು ವರ್ಷಕ್ಕೆ 11 ಬಂತು.

ಆಪಲ್‌ನ ಕಡೆ ನೋಡಿದರೆ ಸರಪಳಿ ಚಿಕ್ಕದು, ಚಿಪ್ಪಿನಿಂದ ತಂತ್ರಾಂಶದವರೆಗೆ ಬಹುತೇಕ ಒಂದೇ ಮನೆಯದು. ಅಲ್ಲಿ ಯಜಮಾನ ಮನಸ್ಸು ಬದಲಿಸಿದರೆ ಇಡೀ ವಂಶಕ್ಕೇ ಕೊನೆ. 2020ರ ಮಾರ್ಚ್‌ನಲ್ಲಿ ಇಂಟೆಲ್ ಚಿಪ್ಪಿನ ಮ್ಯಾಕ್‌ಬುಕ್ ಏರ್ ಬಂತು, ಅದೇ ನವೆಂಬರ್‌ನಲ್ಲಿ ಆಪಲ್‌ನದೇ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್. ಹೆಸರು ಒಂದೇ, ಮುಚ್ಚಿಟ್ಟರೆ ರೂಪವೂ ಒಂದೇ. 2025ರ ಸೆಪ್ಟೆಂಬರ್‌ನಲ್ಲಿ ಮ್ಯಾಕ್‌ಓಎಸ್ ಟಾಹೋ ಬಂದಾಗ ನವೆಂಬರ್‌ನದಕ್ಕೆ ಅದು ದಕ್ಕಿತು, ಮಾರ್ಚ್‌ನದಕ್ಕೆ ದಕ್ಕಲಿಲ್ಲ. ಇಂಟೆಲ್ ಮ್ಯಾಕ್‌ಗಳಲ್ಲಿ ನಾಲ್ಕೇ ಮಾದರಿಗಳನ್ನು ಟಾಹೋ ಒಪ್ಪುತ್ತದೆ, ಮತ್ತು ಇಂಟೆಲ್‌ಗೆ ಅದೇ ಕೊನೆಯ ಮ್ಯಾಕ್‌ಓಎಸ್ ಎಂದು ಆಪಲ್ ಹೇಳಿಬಿಟ್ಟಿದೆ. ಇದು ಮೊದಲ ಸಲವೇನಲ್ಲ. ಪವರ್‌ಪಿಸಿ ಚಿಪ್ಪಿನ ಪವರ್ ಮ್ಯಾಕ್ ಜಿ5 ಮಾರಾಟ ನಿಂತದ್ದು 2006ರ ಆಗಸ್ಟ್‌ನಲ್ಲಿ. ಸರಿಯಾಗಿ ಮೂರು ವರ್ಷಕ್ಕೆ ಬಂದ ಸ್ನೋ ಲೆಪರ್ಡ್ ಪವರ್‌ಪಿಸಿಯನ್ನು ಕೈಬಿಟ್ಟಿತು. ಒಂದು ಚಿಪ್ ವಂಶದ ಕೊನೆಯ ಕುಡಿಯನ್ನು ಕೊಳ್ಳುವುದೇ ಎಲ್ಲಕ್ಕಿಂತ ನಷ್ಟದ ಬಾಬ್ತು. ದರ ಇಳಿಸಿ ಮಾರುವುದೂ ಸಾಮಾನ್ಯವಾಗಿ ಅದನ್ನೇ.

ಹಾಗಾದರೆ ವಂಶದ ಮೊದಲ ಮಗುವನ್ನು ಕೊಂಡರೆ ಕ್ಷೇಮವೇ ಎಂದು ಕೇಳಬಹುದು. ಚರಿತ್ರೆ ಹಾಗೆಂದು ಪ್ರಮಾಣ ಮಾಡುವುದಿಲ್ಲ. 2006ರ ಆರಂಭದ ಇಂಟೆಲ್ ಮ್ಯಾಕ್‌ಗಳಲ್ಲಿದ್ದದ್ದು 32 ಬಿಟ್‌ನ ಕೋರ್ ಡ್ಯುಯೊ, ಅದೇ ವರ್ಷದ ಕೊನೆಯ ಹಲವುಗಳಲ್ಲಿ 64 ಬಿಟ್‌ನ ಕೋರ್ 2 ಡ್ಯುಯೊ. 2011ರ ಲಯನ್ ಮೊದಲಿನವನ್ನು ಹೊರಗಿಟ್ಟಿತು. ಮೈಕ್ರೋಸಾಫ್ಟ್ 2012ರಲ್ಲಿ ಎಆರ್‌ಎಂ ಚಿಪ್ಪಿಗೆಂದು ತಂದ ವಿಂಡೋಸ್ ಆರ್‌ಟಿಯ ಪಾಡು ಇನ್ನೂ ಕಷ್ಟದ್ದು. ಹಳೆಯ ವಿಂಡೋಸ್ ತಂತ್ರಾಂಶಗಳು ಅದರಲ್ಲಿ ಓಡುತ್ತಿರಲಿಲ್ಲ, ಆರ್‌ಟಿ ಯಂತ್ರಗಳು ವಿಂಡೋಸ್ 10ರ ಮುಖ ನೋಡಲೇ ಇಲ್ಲ. ಎಂ1 ಗೆದ್ದದ್ದಕ್ಕೂ ಆರ್‌ಟಿ ಸೋತದ್ದಕ್ಕೂ ಇರುವ ವ್ಯತ್ಯಾಸ ಚಿಪ್ಪಿನದಲ್ಲ. ಆಪಲ್ ಹಿಂದಿನ ದೋಣಿಯನ್ನು ಸುಟ್ಟು ಹೊರಟಿತ್ತು, ಹಳೆಯ ತಂತ್ರಾಂಶಗಳನ್ನು ದಾಟಿಸಲು ರೊಸೆಟ್ಟಾ 2 ಎಂಬ ಅನುವಾದಕನನ್ನೂ ಕರೆತಂದಿತ್ತು. ಮೈಕ್ರೋಸಾಫ್ಟ್ ಎರಡು ದೋಣಿಗಳಲ್ಲಿ ಕಾಲಿಟ್ಟಿತ್ತು, ಈಗಲೂ ಇಟ್ಟಿದೆ. ಎಆರ್‌ಎಂ ಬಗೆಯದೇ ಆದ ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನ ಇಂದಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಆರ್‌ಟಿಗಿಂತ ಎಷ್ಟೋ ಮೇಲು, ಹಳೆಯ ತಂತ್ರಾಂಶಗಳನ್ನು ಅನುವಾದಿಸಿ ಓಡಿಸುತ್ತವೆ. ಆದರೆ ಡ್ರೈವರ್‌ಗಳನ್ನು ಹೀಗೆ ಅನುವಾದಿಸಲು ಆಗುವುದಿಲ್ಲ. ಕಚೇರಿಯ ಹಳೆಯ ಪ್ರಿಂಟರ್, ಪ್ರಯೋಗಾಲಯದ ಉಪಕರಣ ಇವುಗಳ ತಯಾರಕರು ಎಆರ್‌ಎಂಗೆಂದು ಹೊಸ ಡ್ರೈವರ್ ಬರೆದಿದ್ದಾರೆಯೇ ಎಂದು ನೋಡದೆ ಕೈಹಾಕುವುದು ಜಾಣತನವಲ್ಲ.

ಆದ್ದರಿಂದ ಲ್ಯಾಪ್‌ಟಾಪ್‌ನ ವಯಸ್ಸನ್ನು ಬಿಲ್ಲಿನ ದಿನಾಂಕದಿಂದ ಎಣಿಸಬಾರದು, ಚಿಪ್ ಹುಟ್ಟಿದ ದಿನದಿಂದ ಎಣಿಸಬೇಕು. ಹುಟ್ಟಿದ ದಿನವನ್ನು ಮುಚ್ಚಿಡುವ ಕಲೆ ಚಿಪ್ ತಯಾರಕರಿಗೆ ಚೆನ್ನಾಗಿ ಸಿದ್ಧಿಸಿದೆ. ಎಎಂಡಿಯ ರೈಜ಼ನ್ 5 2500ಎಕ್ಸ್ ವಿಂಡೋಸ್ 11ರ ಪಟ್ಟಿಯಲ್ಲಿದೆ, ಲ್ಯಾಪ್‌ಟಾಪ್‌ನ ರೈಜ಼ನ್ 5 2500ಯು ಇಲ್ಲ. ಸಂಖ್ಯೆ ಒಂದೇ ಆದರೂ ಎರಡನೆಯದು ಒಂದು ತಲೆ ಹಳೆಯ ವಿನ್ಯಾಸ. 7000 ಸರಣಿಯ ಲ್ಯಾಪ್‌ಟಾಪ್ ಚಿಪ್ಪುಗಳಲ್ಲಂತೂ ಮೊದಲ ಅಂಕಿ ಹೇಳುವುದು ಮಾರುಕಟ್ಟೆಗೆ ಬಂದ ವರ್ಷವನ್ನು ಮಾತ್ರ, ನಿಜವಾದ ತಲೆಮಾರು ಅಡಗಿರುವುದು ಮೂರನೆಯ ಅಂಕಿಯಲ್ಲಿ. 7520ಯು ಎಂದರೆ 2, ಅಂದರೆ 2019ರಲ್ಲಿ ಮೊದಲು ಬಂದ ಜ಼ೆನ್ 2 ವಿನ್ಯಾಸ. 7530ಯು ಜ಼ೆನ್ 3, 7540ಯು ಜ಼ೆನ್ 4. ಅಂಗಡಿಯ ಫಲಕದಲ್ಲಿ ಮೂರಕ್ಕೂ ‘ರೈಜ಼ನ್ 5, 7000 ಸೀರೀಸ್’ ಎಂದೇ ಬರೆದಿರುತ್ತದೆ.

ಗೋಡೆಯನ್ನು ಹಾರಿದರಾಯಿತಲ್ಲ ಎನ್ನುವವರೂ ಇದ್ದಾರೆ. ರೂಫಸ್‌ನಂಥ ಉಪಕರಣದಿಂದ ತಪಾಸಣೆಯನ್ನು ತಪ್ಪಿಸಿ ಟಿ470ರಲ್ಲೂ ವಿಂಡೋಸ್ 11 ಓಡಿಸಬಹುದು, ಅದು ಓಡುತ್ತದೆ ಕೂಡ. ಇದನ್ನು ತಳ್ಳಿಹಾಕುವಂತಿಲ್ಲ, ಆದರೆ ಗೋಡೆಗಳಲ್ಲಿ ಎರಡು ಬಗೆ ಇದೆ ಎಂಬುದನ್ನು ಮರೆಯಬಾರದು. ಒಂದು ಕಾಗದದ ಗೋಡೆ, ಕಂಪನಿಯ ನೀತಿ. ಇನ್ನೊಂದು ಕಲ್ಲಿನದು, ಪ್ರೊಸೆಸರ್‌ಗೆ ಗೊತ್ತಿರುವ ಆಜ್ಞೆಗಳದ್ದು. ಪಾಪ್‌ಕೌಂಟ್ ಎಂಬ ಆಜ್ಞೆಯನ್ನೇ ನೋಡಿ: ಒಂದು ಸಂಖ್ಯೆಯನ್ನು ದ್ವಿಮಾನದಲ್ಲಿ ಬರೆದಾಗ ಅದರಲ್ಲಿ ಎಷ್ಟು 1ಗಳಿವೆ ಎಂದು ಎಣಿಸುವುದಷ್ಟೇ ಅದರ ಕೆಲಸ. ಇಂಟೆಲ್ ಇದನ್ನು ತಂದದ್ದು 2008ರಲ್ಲಿ. ಅದಕ್ಕೂ ಹಿಂದಿನ ಕೋರ್ 2 ಡ್ಯುಯೊಗಳಲ್ಲಿ ಜನ ತಪಾಸಣೆ ತಪ್ಪಿಸಿ ವಿಂಡೋಸ್ 11 ಓಡಿಸುತ್ತಿದ್ದರು. 2024ರ 24ಎಚ್2 ಆವೃತ್ತಿಯ ತಿರುಳಿನಲ್ಲೇ ಪಾಪ್‌ಕೌಂಟ್ ಸೇರಿಕೊಂಡಾಗ ಆ ಯಂತ್ರಗಳು ಆರಂಭವೇ ಆಗಲಿಲ್ಲ. ಗೊತ್ತಿಲ್ಲದ ಪದ ಎದುರಾದರೆ ಪ್ರೊಸೆಸರ್ ಊಹಿಸಿ ಮುಂದೆ ಹೋಗುವುದಿಲ್ಲ, ನಿಂತುಬಿಡುತ್ತದೆ.

ವಿಂಡೋಸ್ ಬಿಟ್ಟು ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡರೆ ಈ ಜಂಜಾಟವೇ ಇಲ್ಲ ಎಂಬುದು ಇದಕ್ಕಿಂತ ತೂಕದ ಆಕ್ಷೇಪ. 1985ರಲ್ಲಿ ಬಂದ ಇಂಟೆಲ್ 386 ಚಿಪ್ಪನ್ನು ಲಿನಕ್ಸ್ ತಿರುಳು ಕೈಬಿಡಲು ತೀರ್ಮಾನಿಸಿದ್ದು 2012ರ ಕೊನೆಗೆ, 27 ವರ್ಷದ ಬಳಿಕ. ಇಷ್ಟು ಆಯಸ್ಸಿಗೆ ಕಾರಣ, ಬಹುಪಾಲು ಡ್ರೈವರ್‌ಗಳ ಮೂಲಸಂಕೇತ ತಿರುಳಿನ ಜೊತೆಗೇ ಬಹಿರಂಗವಾಗಿ ಇರುವುದು. ಬರೆದವರು ಬಿಟ್ಟುಹೋದರೂ ಬೇರೆಯವರು ತಿದ್ದಬಹುದು, ವಾರಸುದಾರಿಕೆ ಸಾರ್ವಜನಿಕ ಸ್ವತ್ತು. ಆದರೆ ಇಲ್ಲೂ ಅದೇ ನಿಯಮ ನಡೆಯುತ್ತದೆ. ಪವರ್‌ವಿಆರ್ ಗ್ರಾಫಿಕ್ಸ್‌ನ ಆ ಆಟಂ ಯಂತ್ರಗಳು ಲಿನಕ್ಸ್‌ನಲ್ಲೂ ಸುಖ ಕಾಣಲಿಲ್ಲ, ಯಾಕೆಂದರೆ ಅವುಗಳ ಡ್ರೈವರ್ ಮುಚ್ಚಿದ ಪೆಟ್ಟಿಗೆ. ಕಲ್ಲಿನ ಗೋಡೆಗಳೂ ಇಲ್ಲಿವೆ. 2025ರ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10, ಎವಿಎಕ್ಸ್2 ಆಜ್ಞೆಗಳನ್ನು ಬಲ್ಲ ಪ್ರೊಸೆಸರನ್ನೇ ಕೇಳುತ್ತದೆ. ವಿಂಡೋಸ್ 11 ಕೈಹಿಡಿದು ಒಳಗೆ ಕರೆದ ಸೆಲೆರಾನ್ ಎನ್4000ಕ್ಕೆ ಆ ಆಜ್ಞೆಗಳು ಗೊತ್ತಿಲ್ಲ, ವಿಂಡೋಸ್ 11 ಹೊರಗಟ್ಟಿದ ಟಿ470ಕ್ಕೆ ಗೊತ್ತಿವೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್ ಕೊಳ್ಳುವವರು ಈ ಒಂದನ್ನಾದರೂ ನೋಡಿಕೊಳ್ಳುವುದು ಒಳ್ಳೆಯದು. ಇಂಟೆಲ್‌ನ 2023ರ ಎನ್100 ಅಗ್ಗದ ಸಾಲಿನದೇ ಆದರೂ ಎವಿಎಕ್ಸ್2 ಬಲ್ಲದು.

ರ‍್ಯಾಮ್, ಸಂಗ್ರಹಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಖಾನೆ ಇದ್ದರೆ ಮುಂದೆ ಸೇರಿಸಬಹುದು, ಬೆಸುಗೆ ಹಾಕಿದ್ದರೆ ಇಂದೇ 16 ಜಿಬಿ ಕೊಳ್ಳಬೇಕು. ಹತ್ತು ವರ್ಷದ ಹಿಂದೆ 32 ಜಿಬಿ ಸಂಗ್ರಹವನ್ನು ಬೆಸೆದು ಮಾರಿದ ಪುಟ್ಟ ಲ್ಯಾಪ್‌ಟಾಪ್‌ಗಳು ವಿಂಡೋಸ್ 10ರ ದೊಡ್ಡ ಪರಿಷ್ಕರಣೆಗಳನ್ನು ಇಳಿಸಿಕೊಳ್ಳಲೇ ಜಾಗವಿಲ್ಲದೆ ಏದುಸಿರು ಬಿಟ್ಟವು. ಇವು ಕಣ್ಣಿಗೆ ಕಾಣುವ ಲೆಕ್ಕ. ಕಾಣದ್ದು ಫರ್ಮ್‌ವೇರ್, ಯಂತ್ರ ಆನ್ ಮಾಡಿದ ಕೂಡಲೇ, ಆಪರೇಟಿಂಗ್ ಸಿಸ್ಟಂ ಏಳುವ ಮೊದಲೇ ಏಳುವ ತಂತ್ರಾಂಶ. ಸೆಕ್ಯೂರ್ ಬೂಟ್ ಎಂಬ ಕಾವಲಿಗೆಂದು ಈ ಫರ್ಮ್‌ವೇರ್‌ನಲ್ಲಿ ಕೂರಿಸಿದ ಮೈಕ್ರೋಸಾಫ್ಟ್‌ನ ಡಿಜಿಟಲ್ ಪ್ರಮಾಣಪತ್ರಗಳು 2011ರಲ್ಲಿ ಹೊರಡಿಸಿದವು. ಅವುಗಳ ವಾಯಿದೆ ಮುಗಿಯತೊಡಗುವುದು 2026ರ ಜೂನ್‌ಗೆ. ಬದಲಿಗೆ 2023ರ ಹೊಸ ಪತ್ರಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ತಲುಪಿಸುವ ಏರ್ಪಾಡಿದೆ, ಆದರೆ ಕೆಲವು ಯಂತ್ರಗಳಲ್ಲಿ ಅದು ಕೂರಲು ಮೊದಲು ತಯಾರಕರಿಂದ ಹೊಸ ಫರ್ಮ್‌ವೇರ್ ಬರಬೇಕು. ಬಾರದಿದ್ದರೆ ಯಂತ್ರ ಎಂದಿನಂತೆ ಆನ್ ಆಗುತ್ತದೆ, ಆರಂಭದ ಹಂತದ ಹೊಸ ರಕ್ಷಣೆಗಳು ಮಾತ್ರ ಅದಕ್ಕೆ ಸಿಗುವುದಿಲ್ಲ. ಯಾವ ತಯಾರಕರು ಕಳುಹಿಸುತ್ತಾರೆ, ಯಾರು ಕೈಚೆಲ್ಲುತ್ತಾರೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. ಅವರದೇ ಜಾಲತಾಣದ ಬೆಂಬಲ ಪುಟದಲ್ಲಿ, ಕೊಳ್ಳಬೇಕೆಂದಿರುವ ಮಾದರಿಯನ್ನು ಬಿಟ್ಟು ಅದೇ ಸಾಲಿನ ಆರೇಳು ವರ್ಷ ಹಳೆಯ ಮಾದರಿಯನ್ನು ಹುಡುಕಿದರೆ, ಕೊನೆಯ ಫರ್ಮ್‌ವೇರ್ ಬಂದ ದಿನಾಂಕ ಅಲ್ಲೇ ನಮೂದಾಗಿರುತ್ತದೆ.